ಮಂಜು, ಮಳೆ ಮತ್ತು ಎಡಿನ್‌ಬರೋ

ಸ್ಕಾಟ್‌ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರಕ್ಕೆ ರಜೆಯಲ್ಲಿ ಬಂದಿಳಿಯುವ ಪ್ರವಾಸಿಯ ಕಣ್ಣು ಕೋಟೆಗಿಂತ ಮೊದಲು ಆಕಾಶದ ಕಡೆಗೆ ಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಎಳೆಬಿಸಿಲು, ಒಂಬತ್ತಕ್ಕೆ ತುಂತುರು, ಹತ್ತಕ್ಕೆ ತಲೆಯ ಮೇಲಿನ ಟೋಪಿಯನ್ನು ಕಸಿದೊಯ್ಯುವ ಗಾಳಿ, ಹನ್ನೊಂದಕ್ಕೆ ಮತ್ತೆ ಬಿಸಿಲು! ವರ್ಷವಿಡೀ ಹಣ ಕೂಡಿಟ್ಟು, ಎಣಿಸಿದ ನಾಲ್ಕು ದಿನಗಳಿಗಾಗಿ ಅಷ್ಟು ದೂರ ಬಂದವರಿಗೆ ಇದು ಸಣ್ಣ ಪರೀಕ್ಷೆಯಲ್ಲ. ಮಳೆ ನಿಂತ ಮೇಲೆ ಹೊರಟರಾಯಿತೆಂದು ಕಿಟಕಿಯ ಬಳಿ ಕುಳಿತವರ ರಜೆ ಅಲ್ಲಿಯೇ ಕರಗಿಹೋಗುತ್ತದೆ.

ಹಾಗೆಂದು ಅಲ್ಲಿ ಸುರಿಯುವ ನೀರು ಬಹಳವೇನೂ ಅಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್. ನಮ್ಮ ಬೆಂಗಳೂರಿಗೆ ಬೀಳುವ ಮಳೆ ಅದಕ್ಕಿಂತ ಹೆಚ್ಚು. ಆದರೆ ಬೆಂಗಳೂರಿನ ಮಳೆ ಗುಡುಗಿ, ಸುರಿದು, ತೀರಿಸಿಹೋಗುವಂಥದು. ಎಡಿನ್‌ಬರೋದ ಮಳೆ ವರ್ಷದ ಎಲ್ಲ ತಿಂಗಳುಗಳಿಗೂ ಚಿಟಿಕೆ ಚಿಟಿಕೆಯಾಗಿ ಹಂಚಿಹೋಗಿರುತ್ತದೆ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಬೀಸುವ ಪಶ್ಚಿಮದ ಗಾಳಿ ಒಂದರ ಹಿಂದೆ ಒಂದು ಮೋಡಗಳ ಸಾಲನ್ನು ಅಟ್ಟಿಕೊಂಡು ಬರುತ್ತದೆ. ಇನ್ನೊಂದು ಕಡೆ ಪೂರ್ವದಲ್ಲಿ ಉತ್ತರ ಸಮುದ್ರ. ವಸಂತದಲ್ಲಿಯೂ ಬೇಸಗೆಯಲ್ಲಿಯೂ ಬೆಚ್ಚನೆಯ ಗಾಳಿ ಆ ತಣ್ಣೀರಿನ ಮೇಲೆ ಹಾದುಬಂದಾಗ ದಟ್ಟವಾದ ಮಂಜು ಹುಟ್ಟಿ ದಡಕ್ಕೆ ತೆವಳುತ್ತದೆ. ಆ ಊರಿನವರು ಅದನ್ನು 'ಹಾರ್' ಎಂದು ಕರೆಯುತ್ತಾರೆ. ಹಾರ್ ಇಳಿಯಿತೆಂದರೆ ಕೋಟೆಯನ್ನು ಹೊತ್ತ ಬೃಹತ್ ಬಂಡೆಯೂ ಅರ್ಧ ತಾಸಿನಲ್ಲಿ ಮರೆಯಾಗಬಹುದು.

ಈ ಮಂಜಿನ ದೆಸೆಯಿಂದ ನಗರಕ್ಕೆ ಒಂದು ವಿಚಿತ್ರವಾದ ಪದ್ಧತಿ ಬಂದಿದೆ. ಕ್ಯಾಲ್ಟನ್ ಗುಡ್ಡದ ಮೇಲೆ, ನೆಲ್ಸನ್ ಸ್ಮಾರಕದ ತುದಿಯಲ್ಲಿ ಒಂದು ದೊಡ್ಡ ಚೆಂಡುಂಟು. ಖಗೋಳಜ್ಞ ಚಾರ್ಲ್ಸ್ ಪಿಯಾಟ್ಸಿ ಸ್ಮಿತ್‌ನ ಯೋಜನೆಯಂತೆ 1852ರಲ್ಲಿ ಅದನ್ನು ಅಲ್ಲಿ ನಿಲ್ಲಿಸಿದರು. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಆ ಚೆಂಡು ಕಂಬದಿಂದ ಕೆಳಗಿಳಿಯುತ್ತಿತ್ತು. ಲೀತ್ ಬಂದರಿನ ಹಡಗುಗಳಲ್ಲಿದ್ದ ನಾವಿಕರು ಅದನ್ನು ನೋಡಿ ತಮ್ಮ ಗಡಿಯಾರಗಳನ್ನು ತಿದ್ದಿಕೊಳ್ಳುತ್ತಿದ್ದರು. ಇದು ಹುಡುಗಾಟದ ಮಾತಲ್ಲ. ನಡುಸಮುದ್ರದಲ್ಲಿ ಹಡಗು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಎಷ್ಟು ಸರಿದಿದೆಯೆಂಬುದನ್ನು ತಿಳಿಯಲು ಆಗ ಗಡಿಯಾರವೇ ಆಧಾರ. ನಾಲ್ಕು ಸೆಕೆಂಡು ತಪ್ಪಿದರೆ ಸಮಭಾಜಕ ವೃತ್ತದ ಬಳಿ ಲೆಕ್ಕ ಒಂದು ನಾವಿಕ ಮೈಲಿ ತಪ್ಪುತ್ತದೆ. ಕತ್ತಲಲ್ಲಿ ಬಂಡೆಗೂ ಹಡಗಿಗೂ ನಡುವೆ ಅಷ್ಟೇ ಅಂತರವಿದ್ದರೆ ಗತಿಯೇನು?

ಆದರೆ ಮಂಜು ಕವಿದ ದಿನ ಚೆಂಡು ಯಾರಿಗೆ ಕಂಡೀತು? ಕಣ್ಣಿಗೆ ಕಾಣದ್ದನ್ನು ಕಿವಿಗೆ ಕೇಳಿಸಬೇಕೆಂದು 1861ರಲ್ಲಿ ಕೋಟೆಯಿಂದ ತೋಪು ಹಾರಿಸುವ ಏರ್ಪಾಡಾಯಿತು. ಗುಡ್ಡದ ಮೇಲಿನ ವೇಧಶಾಲೆಯ ಗಡಿಯಾರದಿಂದ ಕೋಟೆಯವರೆಗೆ ಪಟ್ಟಣದ ನೆತ್ತಿಯ ಮೇಲೆಯೇ ವಿದ್ಯುತ್ ತಂತಿಯನ್ನು ಎಳೆದರು. ಶಬ್ದವೂ ನಡೆದುಬರಲು ಹೊತ್ತು ಹಿಡಿಯುತ್ತದಷ್ಟೆ. ಕೋಟೆಯಿಂದ ಲೀತ್ ಬಂದರಿಗೆ ಸುಮಾರು ಹತ್ತು ಸೆಕೆಂಡು ಬೇಕು. ಯಾವ ಬೀದಿಯಲ್ಲಿ ನಿಂತವರು ಎಷ್ಟು ಸೆಕೆಂಡು ಕಳೆಯಬೇಕೆಂಬುದನ್ನು ವೃತ್ತಗಳಲ್ಲಿ ತೋರಿಸುವ ಭೂಪಟವನ್ನು ಕೂಡ ಆಗ ಅಚ್ಚು ಹಾಕಿಸಿದ್ದರು! ಇಂದು ಹಡಗುಗಳಿಗೆ ವೇಳೆಯನ್ನು ತಿಳಿಸಲು ಉಪಗ್ರಹಗಳಿವೆ. ಆದರೂ ಭಾನುವಾರ ಮತ್ತು ಕೆಲವು ಹಬ್ಬದ ದಿನಗಳನ್ನು ಬಿಟ್ಟರೆ ತೋಪಿನ ಸದ್ದು ತಪ್ಪಿಲ್ಲ. ಹೊಸಬರು ಬೆಚ್ಚಿಬೀಳುತ್ತಾರೆ, ಊರಿನವರು ಕೈಗಡಿಯಾರದ ಕಡೆಗೊಮ್ಮೆ ನೋಡಿ ಮುಂದೆ ನಡೆಯುತ್ತಾರೆ.

ಈ ಹವೆ ಎಲ್ಲರಿಗೂ ಒಗ್ಗಿತೆಂದು ಹೇಳುವಂತಿಲ್ಲ. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ 1850ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅವನ ಅಜ್ಜ ರಾಬರ್ಟ್ ಸ್ಟೀವನ್‌ಸನ್ ಸಮುದ್ರದ ನಡುವಣ ಬೆಲ್ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟಿದ ಎಂಜಿನಿಯರ್. ಅದು 1811ರಲ್ಲಿ ಬೆಳಗಿತು. ಮಂಜಿನಲ್ಲಿ ಪರರಿಗೆ ದಾರಿ ತೋರಿಸಿದ ಆ ಮನೆತನದ ಮಗುವಿನ ಎದೆ ಬಲು ದುರ್ಬಲ. ಬಿಸಿಲನ್ನು ಅರಸುತ್ತ ದೇಶದೇಶಗಳನ್ನು ಅಲೆದ ಅವನು ಕೊನೆಗೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ನೆಲಸಿ, 1894ರಲ್ಲಿ ಅಲ್ಲಿಯೇ ಮಡಿದ. ಆದರೆ ಕೊನೆಯ ದಿನಗಳಲ್ಲಿ ಅವನು ಬರೆಯುತ್ತಿದ್ದ, ಮುಗಿಯದೆ ಉಳಿದ ಕಾದಂಬರಿ ಸ್ಕಾಟ್‌ಲೆಂಡಿನ ಕಥೆಯೇ. ತನ್ನನ್ನು ಹೊರಗಟ್ಟಿದ ಮಂಜಿನ ನಾಡನ್ನು ಅವನ ಮನಸ್ಸು ಬಿಟ್ಟಿರಲಿಲ್ಲ.

ನಾಲ್ಕು ದಿನಗಳ ಪ್ರವಾಸಿ ಈ ಊರಿನವರಿಂದ ಕಲಿಯತಕ್ಕ ಜಾಣತನವೊಂದುಂಟು. ಅವರು ಕೊಡೆಯನ್ನು ಅಷ್ಟಾಗಿ ನಂಬುವುದಿಲ್ಲ. ಗಾಳಿ ಅದನ್ನು ಕ್ಷಣದಲ್ಲಿ ತಿರುವಿಹಾಕುತ್ತದೆ. ತಲೆಮುಸುಕುಳ್ಳ ಮಳೆಕೋಟು, ಕಲ್ಲುಹಾಸಿನ ಮೇಲೆ ಜಾರದ ಪಾದರಕ್ಷೆ, ಇಷ್ಟಿದ್ದರೆ ಸಾಕು. ಕೋಟೆಯಿಂದ ಹೋಲಿರೂಡ್ ಅರಮನೆಗೆ ಇಳಿಯುವ 'ರಾಯಲ್ ಮೈಲ್' ಬೀದಿಯ ಇಕ್ಕೆಲಗಳಲ್ಲಿ 'ಕ್ಲೋಸ್' ಎಂಬ ಇಕ್ಕಟ್ಟಾದ ಓಣಿಗಳಿವೆ. ಹಲವು ಓಣಿಗಳ ಬಾಯಿಗೆ ಮನೆಗಳೇ ಕಮಾನು ಕಟ್ಟಿವೆ. ಮಳೆ ಬಂದಾಗ ಅಲ್ಲಿ ನಿಂತರೆ ಮೈ ನೆನೆಯುವುದಿಲ್ಲ. ಜೊತೆಗೆ, ಬಂಡೆಯ ಬೆನ್ನಿನ ಮೇಲೆ ಜಾಗವಿಲ್ಲದೆ ಮಹಡಿಯ ಮೇಲೆ ಮಹಡಿಯೇರಿಸಿ ಬಾಳಿದ ಹಳೆಯ ಊರಿನ ಪರಿಚಯವೂ ಆಗುತ್ತದೆ. ಮಳೆ ಜೋರಾದರೆ ಚೇಂಬರ್ಸ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೋ, ಮೌಂಡ್ ದಿಬ್ಬದ ಮೇಲಿನ ಚಿತ್ರಶಾಲೆಯೋ ಹತ್ತಿರದಲ್ಲಿಯೇ ಇರುತ್ತದೆ. ಎರಡಕ್ಕೂ ಪ್ರವೇಶಧನವಿಲ್ಲ. ಆ ದಿಬ್ಬವೂ ಮನುಷ್ಯರ ಕೈಯದೇ. ಜೇಮ್ಸ್ ಕ್ರೇಗ್ 1767ರಲ್ಲಿ ರೂಪಿಸಿದ ನಕ್ಷೆಯಂತೆ ಹೊಸ ಪಟ್ಟಣವನ್ನು ಕಟ್ಟುವಾಗ ಅಗೆದ ಮಣ್ಣನ್ನು ಸುರಿದು ಸುರಿದು ಅದನ್ನು ಎಬ್ಬಿಸಿದರು.

ಮೋಡ ಹರಿದೊಡನೆ ಗುಡ್ಡವನ್ನು ಹತ್ತಬೇಕು. ಊರೊಳಗೇ ಇರುವ ಆರ್ಥರ್ಸ್ ಸೀಟ್ ಆರಿಹೋದ ಜ್ವಾಲಾಮುಖಿ. ಎತ್ತರ 251 ಮೀಟರ್. ಅದರ ಪಕ್ಕದ ಸಾಲಿಸ್‌ಬರಿ ಕಡಿಬಂಡೆಗಳಲ್ಲಿಯೇ ಜೇಮ್ಸ್ ಹಟ್ಟನ್ ಭೂಮಿಯ ಚರಿತ್ರೆಯನ್ನು ಓದಿದ. ಕುದಿಯುವ ಶಿಲಾರಸ ಹಳೆಯ ಪದರಗಳ ನಡುವೆ ನುಗ್ಗಿ ಗಟ್ಟಿಯಾದ ಗುರುತು ಅಲ್ಲಿ ಇಂದಿಗೂ ಕಾಣುತ್ತದೆ. ಮಳೆ ಹೇಗೆ ಹುಟ್ಟುತ್ತದೆಂಬುದನ್ನು ಕುರಿತು ಕೂಡ ಪ್ರಬಂಧ ಬರೆದವನು ಅವನು. ಮಳೆಯೂ ಗಾಳಿಯೂ ಬೆಟ್ಟಗಳನ್ನು ಕಣಕಣವಾಗಿ ಸವೆಸಿ ಸಮುದ್ರಕ್ಕೆ ಒಯ್ಯುತ್ತವೆ, ಅಲ್ಲಿಂದಲೇ ಹೊಸ ನೆಲ ಏಳುತ್ತದೆ, ಇದಕ್ಕೆ ಅಗಾಧವಾದ ಕಾಲ ಬೇಕೆಂದು ಅವನು 1785ರಲ್ಲಿ ಇದೇ ನಗರದ ವಿದ್ವಾಂಸರ ಮುಂದೆ ವಾದಿಸಿದ. ಪ್ರವಾಸಿಯನ್ನು ತೊಯ್ಯಿಸುವ ಈ ತುಂತುರೇ ಆ ಕೆಲಸವನ್ನು ಇಂದೂ ಮಾಡುತ್ತಿದೆ.

ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಹಗಲೆಲ್ಲ ಕೆಟ್ಟಿದ್ದ ಆಕಾಶ ಸಂಜೆ ಏಳಕ್ಕೆ ತಿಳಿಯಾದರೂ ಇನ್ನೂ ಮೂರು ತಾಸಿನ ಬೆಳಕು ಕೈಯಲ್ಲಿ ಉಳಿದಿರುತ್ತದೆ. ಆಗ ಕ್ಯಾಲ್ಟನ್ ಗುಡ್ಡದ ಮೇಲೆ ನಿಂತವರಿಗೆ ತೊಯ್ದ ಕಲ್ಲುಮನೆಗಳೂ ಕೋಟೆಯೂ ಆಚೆಯ ಕಡಲೂ ಒಟ್ಟಿಗೆ ಹೊಳೆಯುತ್ತ ಕಾಣುತ್ತವೆ. ಹೊರಗೆ ಹೊರಡದವರಿಗೆ ಈ ನೋಟ ದಕ್ಕುವುದಿಲ್ಲ. ಮರುದಿನ ಮಂಜು ಇಳಿದರೂ ಚಿಂತೆಯಿಲ್ಲ. ಕೋಟೆ ಕಾಣದಿದ್ದರೂ ಒಂದು ಗಂಟೆಗೆ ಅದರ ತೋಪಿನ ಸದ್ದು ಕೇಳಿಯೇ ಕೇಳುತ್ತದೆ.