ಚಿತ್ರ 6 ಎಲ್ಲಿದೆ, ಪುಟ್ಟೀ?

ರಾತ್ರಿ ಒಂದೂವರೆಗೆ ಅಮ್ಮನ ಫೋನ್ ಬಂತು. ಅಂಥ ಹೊತ್ತಲ್ಲಿ ಊರಿಂದ ಫೋನ್ ಬಂದರೆ ಎದೆ ಹೇಗೆ ಹೊಡ್ಕೊಳ್ಳುತ್ತೆ ಅಂತ ಬೆಂಗಳೂರಲ್ಲಿ ಒಬ್ಬರೇ ಇರುವವರಿಗೆಲ್ಲ ಗೊತ್ತು. ಎತ್ತಿದೆ. ಅಮ್ಮನ ದನಿಗಿಂತ ಮೊದಲು ಕೇಳಿಸಿದ್ದು ಬೀಪ್ ಬೀಪ್ ಅನ್ನೋ ಸದ್ದು.

"ಪುಟ್ಟೀ, ಮೆಷಿನ್ ಕೂಗ್ತಾ ಇದೆ ಕಣೇ. ಹಳದಿ ದೀಪ ಬಂದಿದೆ. ನೀನು ಮಾಡಿಕೊಟ್ಟ ಪುಸ್ತಕ ತೆಗೆದೆ. 'ಹಳದಿ ದೀಪ ಹೊತ್ತಿಕೊಂಡರೆ' ಅಂತ ಇದೆ, ಕೊನೆಗೆ 'ನೋಡಿ' ಅಂತಾನೂ ಇದೆ. ಆದ್ರೆ ಏನನ್ನ ನೋಡ್ಬೇಕು ಅನ್ನೋ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಇಂಗ್ಲಿಷ್ ಬಂದಿದೆ. ಇ, ಆರ್, ಆರ್, ಓ, ಆರ್..."

ಅಮ್ಮನಿಗೆ ಇಂಗ್ಲಿಷ್ ಅಕ್ಷರ ಗೊತ್ತು, ಓದಲು ಬರಲ್ಲ. ಒಂದೊಂದೇ ಅಕ್ಷರ ಹೇಳ್ತಾ ಹೋದಳು. ಎರಡನೇ ಪದಕ್ಕೆ ಬರುವಷ್ಟರಲ್ಲಿ ನನಗೆ ಅರ್ಥವಾಯ್ತು. 'ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್.' ವರ್ಡ್‌ನಲ್ಲಿ ಕೆಲಸ ಮಾಡುವವರಿಗೆ ಇದು ಚಿರಪರಿಚಿತ. ನೋಡಬೇಕಾದದ್ದು ಸಿಗಲಿಲ್ಲ ಅಂತ ಅರ್ಥ.

ಅಪ್ಪನಿಗೆ ಶ್ವಾಸಕೋಶದ ತೊಂದರೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಆಕ್ಸಿಜನ್ ಕಾನ್ಸಂಟ್ರೇಟರ್ ಜೊತೆಗೇ ಬಂದಿದ್ದರು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 21ರಷ್ಟು ಮಾತ್ರ ಆಮ್ಲಜನಕ, 78ರಷ್ಟು ಸಾರಜನಕ. ಈ ಮೆಷಿನ್ ಸಾರಜನಕವನ್ನು ಒಳಗೇ ಹಿಡಿದಿಟ್ಟು, ಉಳಿದ ಆಮ್ಲಜನಕವನ್ನು ಸಣ್ಣ ಟ್ಯೂಬಿನಲ್ಲಿ ಮೂಗಿಗೆ ಕೊಡುತ್ತೆ. ಕಷ್ಟದ ಕೆಲಸವೇನಲ್ಲ. ಫಿಲ್ಟರ್ ತೊಳೀಬೇಕು, ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಹಾಕ್ಬೇಕು, ದೀಪ ಯಾವ ಬಣ್ಣ ಅಂತ ಗಮನಿಸ್ತಿರಬೇಕು. ಆದರೆ ಕೈಪಿಡಿ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ನಾನಿರುವುದು ಬೆಂಗಳೂರಲ್ಲಿ, ಅವರಿಬ್ಬರು ಸಾಗರದಲ್ಲಿ. ಮೆಷಿನ್ ಕೊಟ್ಟವರನ್ನು ಕೇಳಿ ವರ್ಡ್ ಫೈಲ್ ತರಿಸಿಕೊಂಡು, ಶನಿವಾರ ಭಾನುವಾರ ಕೂತು ನಾನೇ ಕನ್ನಡಕ್ಕೆ ಮಾಡಿದೆ. 14 ಪುಟ, 9 ಚಿತ್ರ. ಇಂಗ್ಲಿಷ್‌ನಿಂದ ಕನ್ನಡಕ್ಕೆ ತರೋದೇ ನನ್ನ ಸಂಬಳದ ಕೆಲಸ. ಹಾಗಾಗಿ ಇದೇನು ಮಹಾ ಅನ್ನೋ ಧೈರ್ಯ.

ತಪ್ಪಾಗಿದ್ದು ಅಲ್ಲೇ. ಆಫೀಸಿನಲ್ಲಿ ನಾವು ಅನುವಾದಕ್ಕೆಂದೇ ಇರುವ ಸಾಫ್ಟ್‌ವೇರ್ ಬಳಸ್ತೀವಿ. ಅದರಲ್ಲಿ 'ಫಿಗರ್ 6' ಅನ್ನೋ ಉಲ್ಲೇಖ ಬಂದಾಗ ಬಣ್ಣದ ಪುಟ್ಟ ಡಬ್ಬಿಯ ಹಾಗೆ ಕಾಣುತ್ತೆ. ಅದನ್ನು ಹಾಗೇ ಎತ್ತಿ ಕನ್ನಡ ವಾಕ್ಯದಲ್ಲಿ ಸರಿಯಾದ ಜಾಗಕ್ಕೆ ಇಟ್ಟರೆ ಆಯ್ತು. ಒಳಗೇನಿದೆ ಅಂತ ಆರು ವರ್ಷದಲ್ಲಿ ಒಮ್ಮೆಯೂ ಇಣುಕಿ ನೋಡಿರಲಿಲ್ಲ.

ಒಳಗಿರೋದು ಇಷ್ಟೇ. ವರ್ಡ್‌ನಲ್ಲಿ ಚಿತ್ರದ ಅಡಿಬರಹಕ್ಕೆ ಕ್ರಾಸ್ ರೆಫರೆನ್ಸ್ ಕೊಟ್ಟಾಗ, ಅದು ಆ ಅಡಿಬರಹದ ಸುತ್ತ ಕಣ್ಣಿಗೆ ಕಾಣದ ಒಂದು ಬುಕ್‌ಮಾರ್ಕ್ ಕಟ್ಟುತ್ತೆ. ಉಲ್ಲೇಖದ ಜಾಗದಲ್ಲಿ ಒಂದು 'ಫೀಲ್ಡ್' ಕೂರುತ್ತೆ. 'ಆ ಬುಕ್‌ಮಾರ್ಕ್ ಒಳಗೆ ಏನಿದೆಯೋ ಅದನ್ನು ಇಲ್ಲಿ ತೋರಿಸು' ಅನ್ನೋದಷ್ಟೇ ಅದರ ಕೆಲಸ. ನಾನು 'ಫಿಗರ್ 6' ಅನ್ನೋ ಅಡಿಬರಹದ ಸಾಲನ್ನು ಪೂರ್ತಿ ಸೆಲೆಕ್ಟ್ ಮಾಡಿ, ಅಳಿಸಿ, ಕನ್ನಡದ ಸಾಲು ಪೇಸ್ಟ್ ಮಾಡಿದ್ದೆ. ಸಾಲಿನ ಜೊತೆ ಬುಕ್‌ಮಾರ್ಕೂ ಹೋಯ್ತು. 9 ಚಿತ್ರಗಳಲ್ಲಿ 7ಕ್ಕೆ ಹೀಗೇ ಮಾಡಿದ್ದೆ.

ಮತ್ತೆ ಸ್ಕ್ರೀನ್ ಮೇಲೆ ಯಾಕೆ ಗೊತ್ತಾಗಲಿಲ್ಲ? ಫೀಲ್ಡ್ ತಾನು ಕೊನೇ ಸಲ ಲೆಕ್ಕ ಹಾಕಿದ್ದನ್ನೇ ತೋರಿಸ್ತಾ ಕೂತಿರುತ್ತೆ. ನಾವು ಹೇಳೋವರೆಗೂ ಹೊಸದಾಗಿ ಹುಡುಕಲ್ಲ. ನಾನು ಉಲ್ಲೇಖಗಳಲ್ಲಿ 'ಫಿಗರ್' ಅಳಿಸಿ 'ಚಿತ್ರ' ಅಂತ ಬರೆದಿದ್ದೆ, ಅದೂ ಹಾಗೇ ಉಳಿದಿತ್ತು. ಎರಡು ಸಲ ಓದಿ, ಎಲ್ಲ ಸರಿಯಿದೆ ಅಂತ ಫೈಲನ್ನು ಊರಿನ ಜೆರಾಕ್ಸ್ ಅಂಗಡಿಗೆ ಮೇಲ್ ಮಾಡಿದೆ. ಪಿಡಿಎಫ್ ಮಾಡಿ ಕಳಿಸಿದ್ದರೂ ಆವತ್ತಿಗೆ ಬಚಾವಾಗ್ತಿದ್ದೆನೋ ಏನೋ. ವರ್ಡ್‌ನಲ್ಲಿ 'ಪ್ರಿಂಟ್‌ಗೆ ಮುಂಚೆ ಫೀಲ್ಡ್‌ಗಳನ್ನು ಅಪ್‌ಡೇಟ್ ಮಾಡು' ಅಂತ ಒಂದು ಆಯ್ಕೆ ಇದೆ. ಆ ಅಂಗಡಿಯ ಕಂಪ್ಯೂಟರಿನಲ್ಲಿ ಅದು ಆನ್ ಆಗಿತ್ತು. ಪ್ರಿಂಟ್ ಒತ್ತಿದ ಕ್ಷಣ ಪ್ರತಿ ಫೀಲ್ಡೂ ತನ್ನ ಬುಕ್‌ಮಾರ್ಕ್ ಹುಡುಕಿಕೊಂಡು ಹೋಗಿ, ಸಿಗದೆ, ಇಂಗ್ಲಿಷಿನಲ್ಲಿ ಕೂಗಿದೆ. ಅಂಗಡಿಯವರು ನೋಡಲಿಲ್ಲ. ಸ್ಪೈರಲ್ ಹಾಕಿ ಕೊಟ್ಟರು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮೆಷಿನ್ ಪಕ್ಕ ಇಟ್ಟಳು.

ಆ ರಾತ್ರಿಗೆ ಬರ್ತೀನಿ. ಚಿತ್ರ 6ರಲ್ಲಿ ಏನಿತ್ತು ಅಂತ ನೆನಪಿತ್ತು, ಪುಣ್ಯ. "ಅಮ್ಮಾ, ಟ್ಯೂಬ್ ಎಲ್ಲಾದ್ರೂ ಮಡಚಿಕೊಂಡಿದೆಯಾ ನೋಡು. ಮೆಷಿನ್ನಿಂದ ಅಪ್ಪನ ಮೂಗಿನವರೆಗೂ ಕೈಯಲ್ಲಿ ಹಿಡ್ಕೊಂಡು ಬಾ."

ಅಮ್ಮ ಫೋನ್ ಕೆಳಗಿಟ್ಟಳು. ಬೀಪ್ ಬೀಪ್. ಅಪ್ಪ ಉಸಿರೆಳೆಯುವುದು ಕೇಳಿಸ್ತಿತ್ತು. ಅರ್ಧ ನಿಮಿಷ ಇರಬಹುದು. "ಮಂಚದ ಕಾಲಿನ ಅಡಿ ಸಿಕ್ಕಿಹಾಕ್ಕೊಂಡಿದೆ" ಅಂದಳು. ಬಿಡಿಸಿದಳು. ಸದ್ದು ನಿಂತಿತು.

ಬೆಳಗ್ಗೆ ಬಸ್ ಹತ್ತಿದೆ. ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆಗೆದು ಕೂತೆ. ಕೋಪ ಬಂದಿತ್ತಲ್ಲ, ಈ ಆಟೋಮ್ಯಾಟಿಕ್ ಉಸಾಬರಿಯೇ ಬೇಡ ಅಂತ ಎಲ್ಲ ಫೀಲ್ಡ್ ಕಿತ್ತು ಹಾಕಿ, 'ಚಿತ್ರ 6', 'ಚಿತ್ರ 7' ಅಂತ ಕೈಯಾರೆ ಟೈಪ್ ಮಾಡಿದೆ. ಸಾಗರದಲ್ಲಿ ಇಳಿದು ನಾನೇ ನಿಂತು ಪ್ರಿಂಟ್ ಹಾಕಿಸಿದೆ. ಎಲ್ಲೂ ಇಂಗ್ಲಿಷ್ ಇಲ್ಲ. ನೆಮ್ಮದಿ.

ಆ ನೆಮ್ಮದಿ ಒಂದು ತಿಂಗಳು ಬಂತು. ಮಳೆಗಾಲ ಶುರುವಾಗಿ ಕರೆಂಟ್ ಹೋಗೋದು ಜಾಸ್ತಿಯಾದಾಗ, ಸಿಲಿಂಡರ್ ಜೋಡಿಸೋದು ಹೇಗೆ ಅಂತ ಒಂದು ಚಿತ್ರ ಸೇರಿಸು ಅಂದಳು ಅಮ್ಮ. ಸೇರಿಸಿದೆ, ನಾಲ್ಕನೆಯದಾಗಿ. ಅಡಿಬರಹಗಳ ಸಂಖ್ಯೆ ತಾವಾಗೇ ಮುಂದೆ ಸರಿದವು. ನಾನು ಕೈಯಾರೆ ಬರೆದಿದ್ದು ಮಾತ್ರ ಎಲ್ಲಿತ್ತೋ ಅಲ್ಲೇ.

ಈ ಸಲ ಹಿಡಿದದ್ದು ಅಪ್ಪ. ಮೂವತ್ತು ವರ್ಷ ಪ್ರೈಮರಿ ಸ್ಕೂಲ್ ಮೇಷ್ಟ್ರು. ಮೂಗಿಗೆ ಟ್ಯೂಬ್ ಇಟ್ಕೊಂಡೇ ಕೆಂಪು ಪೆನ್ ಹಿಡಿದು ಓದಿದ್ದಾರೆ. "ಹಳದಿ ದೀಪಕ್ಕೆ ಚಿತ್ರ 6 ನೋಡಿ ಅಂದಿದ್ದೀಯ. ಅಲ್ಲಿ ನೋಡಿದ್ರೆ ಬಾಟಲಿಗೆ ನೀರು ಹಾಕೋ ಚಿತ್ರ ಇದೆ. ನಿಮ್ಮಮ್ಮ ಆ ರಾತ್ರಿ ಇದನ್ನು ನೋಡಿದ್ದಿದ್ರೆ ನೀರು ಹಾಕ್ತಾ ಕೂತಿರ್ತಿದ್ದಳು."

ನಾನು ಸುಮ್ಮನಾದೆ. ಮೊದಲ ಪುಸ್ತಕ ಕಡೇಪಕ್ಷ ತನಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡಿತ್ತು, ಅದಕ್ಕೇ ಅಮ್ಮ ನನಗೆ ಫೋನ್ ಮಾಡಿದ್ದು. ಎರಡನೆಯದು ಧೈರ್ಯವಾಗಿ ಸುಳ್ಳು ಹೇಳ್ತಿತ್ತು. ಅದನ್ನು ನಂಬಿದ್ದರೆ ಅಮ್ಮ ಫೋನೇ ಮಾಡ್ತಿರಲಿಲ್ಲ.

ಮೂರನೇ ಸಲ ಸರಿಯಾಗಿ ಕೂತೆ, ಅಪ್ಪನ ಪಕ್ಕದಲ್ಲೇ. ಮೂಲ ಫೈಲನ್ನು ಮತ್ತೆ ತೆಗೆದೆ. ಅಡಿಬರಹದ ಸಾಲನ್ನು ಪೂರ್ತಿ ಅಳಿಸದೆ, 'ಫಿಗರ್' ಪದದ ನಡುವೆ ಕರ್ಸರ್ ಇಟ್ಟು 'ಚಿತ್ರ' ಅಂತ ಟೈಪ್ ಮಾಡಿ, ಆಮೇಲೆ ಅಕ್ಕಪಕ್ಕದ ಇಂಗ್ಲಿಷ್ ಅಕ್ಷರಗಳನ್ನು ಅಳಿಸಿದೆ. ಅಂಕಿ ಮುಟ್ಟಲಿಲ್ಲ. ಆಮೇಲೆ ಕಂಟ್ರೋಲ್ ಎ, ಎಫ್9. ಉಲ್ಲೇಖಗಳೆಲ್ಲ ತಾವಾಗೇ 'ಚಿತ್ರ' ಆದವು. ಅಪ್ಪ "ಭಲೇ" ಅಂದರು.

ವಾಕ್ಯ ಕಟ್ಟೋದರಲ್ಲೂ ಅವರದೇ ಸಹಾಯ. ಇಂಗ್ಲಿಷಿನಲ್ಲಿ ಚಿತ್ರ ಮೊದಲು, ಪುಟ ಆಮೇಲೆ. ನಮ್ಮಲ್ಲಿ '12ನೇ ಪುಟದಲ್ಲಿರುವ ಚಿತ್ರ 7 ನೋಡಿ'. ಹಾಗಾಗಿ ಎರಡು ಫೀಲ್ಡನ್ನೂ ಕತ್ತರಿಸಿ ಅದಲುಬದಲು ಮಾಡ್ಬೇಕು. ವಿಭಕ್ತಿ ಏನು ಮಾಡೋದು, ನಾಳೆ ಅಂಕಿ ಬದಲಾದರೆ ಪ್ರತ್ಯಯ ತಪ್ಪಾಗಲ್ವಾ ಅಂತ ಕೇಳಿದೆ. ಅಪ್ಪ ಬೆರಳು ಮಡಚಿ ಎಣಿಸಿದರು: "ಒಂದರಲ್ಲಿ, ಎರಡರಲ್ಲಿ, ಮೂರರಲ್ಲಿ, ಹತ್ತರಲ್ಲಿ, ನೂರರಲ್ಲಿ. ಎಲ್ಲಕ್ಕೂ 'ರಲ್ಲಿ'ಯೇ ಅಲ್ವೇನೇ? ಒಂದಕ್ಕೆ, ಆರಕ್ಕೆ, ಎಲ್ಲಕ್ಕೂ 'ಕ್ಕೆ'. ಅಂಕಿ ಏನೇ ಬರಲಿ, ಬಾಲ ಅದೇ."

ನಾನು ದಿನಾ ಬರೆಯುವ ಭಾಷೆ, ಇದನ್ನು ಗಮನಿಸಿಯೇ ಇರಲಿಲ್ಲ. ಎಲ್ಲ ಭಾಷೆಗೂ ಈ ಅದೃಷ್ಟ ಇಲ್ಲ. ಹಂಗೇರಿಯನ್ ಭಾಷೆಯಲ್ಲಿ ಅಂಕಿಯ ಹಿಂದೆ 'ಅ' ಅಥವಾ 'ಅಜ಼್' ಬರಬೇಕು. 1 ಮತ್ತು 5ರ ಹೆಸರು ಸ್ವರದಿಂದ ಶುರುವಾಗೋದರಿಂದ ಒಂದು ರೂಪ, 2ಕ್ಕೆ ಇನ್ನೊಂದು. ಚಿತ್ರದ ಸಂಖ್ಯೆ ಬದಲಾದರೆ ಅದೂ ಬದಲಾಗ್ಬೇಕು. ಅದಕ್ಕೆಂದೇ ಲಿಬ್ರೆಆಫೀಸ್‌ನಲ್ಲಿ ಬೇರೆ ಆಯ್ಕೆಯನ್ನೇ ಕೊಟ್ಟಿದ್ದಾರೆ. ನಮಗೆ ತೊಂದರೆ ಬರೋದು ಶೀರ್ಷಿಕೆಯನ್ನೇ ಉಲ್ಲೇಖಿಸಿದಾಗ. 'ಫಿಲ್ಟರ್ ತೊಳೆಯುವುದು' ಅನ್ನೋದರ ಬಾಲಕ್ಕೆ ಪ್ರತ್ಯಯ ಅಂಟಿಸಲು ಹೋದರೆ, ನಾಳೆ ಶೀರ್ಷಿಕೆ ಬದಲಾದಾಗ ಕೆಡುತ್ತೆ. ಅದಕ್ಕೆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯಲ್ಲಿಟ್ಟು 'ಎಂಬ ಭಾಗ ನೋಡಿ' ಅಂತ ಬರೆದೆವು.

ನೀವೂ ಮನೆಯವರಿಗೋ ಆಫೀಸಿಗೋ ಇಂಥದ್ದೇನಾದರೂ ಕನ್ನಡಕ್ಕೆ ಮಾಡ್ತಿದ್ದರೆ, ಕಳಿಸೋ ಮುಂಚೆ ಒಂದು ಸಲ ಕಂಟ್ರೋಲ್ ಎ, ಎಫ್9 ಒತ್ತಿ. ಕೂಗೋದಿದ್ದರೆ ನಿಮ್ಮೆದುರೇ ಕೂಗಲಿ. ಆಮೇಲೆ ಪಿಡಿಎಫ್ ಮಾಡಿ, ಒಂದೊಂದು 'ನೋಡಿ' ಬಂದಾಗಲೂ ನಿಜವಾಗಿಯೂ ಆ ಪುಟಕ್ಕೆ ಹೋಗಿ ನೋಡಿ.

ಈಗ ಮೆಷಿನ್ ಪಕ್ಕದಲ್ಲಿರೋದು ಮೂರನೇ ಪುಸ್ತಕ. ಹಳದಿ ದೀಪದ ಪುಟಕ್ಕೆ ಅಮ್ಮ ಒಂದು ನವಿಲುಗರಿ ಇಟ್ಟಿದ್ದಾಳೆ. "ನಿನ್ನ ಬುಕ್‌ಮಾರ್ಕ್ ಕಾಣಲ್ಲ ಅಂದ್ಯಲ್ಲ, ಅದಕ್ಕೆ ಕಾಣೋದು ಒಂದು ಇರಲಿ" ಅಂದಳು. ಟ್ಯೂಬು ಮಂಚದ ಕಾಲಿಗೆ ಸಿಗದ ಹಾಗೆ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದಾಳೆ. ಅದು ನನ್ನ ಪುಸ್ತಕದಲ್ಲಿಲ್ಲ. ಮುಂದಿನ ಸಲ ಹೋದಾಗ ಫೋಟೋ ತೆಗೆದು ಸೇರಿಸ್ಬೇಕು.