ಚೆಕಿಂಗ್… ಯೆಸ್

ಬೈತಖೋಲದ ಉಪ್ಪುಗಾಳಿಗೆ ಕಬ್ಬಿಣ ಕಂಡರೆ ಹಸಿವು. ಕಿಟಕಿಯ ಸರಳು, ಸೈಕಲ್ಲಿನ ಚೈನು, ಗೇಟಿನ ಚಿಲಕ ಎಲ್ಲ ಮುಗಿಸಿ ಅದು ನಮ್ಮ ಮನೆಯ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿಗೂ ಬಾಯಿ ಹಾಕಿತ್ತು. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತು, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರದ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತಿತ್ತು. ಕಾರವಾರದ ಮಳೆಗಾಲದಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂದು ಹೇಳಬೇಕಿಲ್ಲ.

ಅದರಲ್ಲಿ ಲಿನಕ್ಸ್ ಹಾಕಿಕೊಂಡು, ತಂತ್ರಾಂಶಗಳ ಮೂಲ ಸಂಕೇತ ತಂದು ಮನೆಯಲ್ಲೇ ಕಂಪೈಲ್ ಮಾಡುವ ಹುಚ್ಚು ನನಗೆ. ಕಂಪೈಲಿಗೆ ಮೊದಲು ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ನೋಡುವ ಸ್ಕ್ರಿಪ್ಟು ಕಾನ್ಫಿಗರ್. ‘ಡಾಟ್ ಸ್ಲ್ಯಾಶ್ ಕಾನ್ಫಿಗರ್’ ಎಂದು ಬರೆದು ಎಂಟರ್ ಒತ್ತಿದರೆ ಪರದೆಯ ತುಂಬ ಸಾಲುಗಳು ಹರಿಯುತ್ತಿದ್ದವು: ಚೆಕಿಂಗ್ ವೆದರ್ ದ ಸಿ ಕಂಪೈಲರ್ ವರ್ಕ್ಸ್… ಯೆಸ್. ಮೀನುಗಾರಿಕೆ ನಿಷೇಧದ ದಿನಗಳಾದ್ದರಿಂದ ತಾಂಡೇಲನಾಗಿದ್ದ ಮಾವ ಬೆನ್ನ ಹಿಂದೆಯೇ ಕೂತಿರುತ್ತಿದ್ದ. “ಎಲ್ಲಾ ತಾನೇ ಕೇಳ್ತದೆ, ತಾನೇ ಹೌದು ಹೇಳ್ತದೆ. ಮತ್ತೆ ನೀ ಎಂತಕ್ಕೆ ಕೂತದ್ದು?”

ಕೂರಬೇಕಾಗುತ್ತಿತ್ತು. ಮೊದಮೊದಲ ಸಾಲುಗಳಲ್ಲೇ ಒಂದು, ಇಲ್ಲಿನ ವಾತಾವರಣಕ್ಕೆ ಬುದ್ಧಿ ನೆಟ್ಟಗಿದೆಯೇ ಎಂದು ಕೇಳುತ್ತದೆ. ಕೇಳುವ ಬಗೆ ಸರಳ: ಆಗಷ್ಟೇ ಒಂದು ಕಡತ ಹುಟ್ಟಿಸಿ, ಅದು ತನಗಿಂತ ಹೊಸದೇ ಎಂದು ನೋಡುತ್ತದೆ. ಹಿಂದಿನ ದಶಕದಲ್ಲಿ ಕೂತಿದ್ದ ನಮ್ಮ ಯಂತ್ರದಲ್ಲಿ ಈಗ ಹುಟ್ಟಿದ ಕೂಸು ಅಜ್ಜನಿಗಿಂತ ಹಳೆಯದಾಗುತ್ತಿತ್ತು. ಗಡಿಯಾರ ಸರಿಮಾಡಿಕೋ ಎಂದು ಹೇಳಿ ಕಾನ್ಫಿಗರ್ ಅಲ್ಲೇ ನಿಂತುಬಿಡುತ್ತಿತ್ತು.

ಇಷ್ಟೆಲ್ಲ ಸಂಶಯ ಅದಕ್ಕೆ ಸುಮ್ಮನೆ ಬಂದದ್ದಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್ ಎಂಬತ್ತರ ದಶಕದ ಹೊತ್ತಿಗೆ ಹತ್ತಾರು ಮನೆಗಳಾಗಿ ಒಡೆದಿತ್ತು. ಸನ್‌ನದು ಸನ್‌ಓಎಸ್, ಐಬಿಎಂನದು ಎಐಎಕ್ಸ್, ಎಚ್‌ಪಿಯದು ಎಚ್‌ಪಿ-ಯುಎಕ್ಸ್, ಡಿಜಿಟಲ್‌ನದು ಅಲ್ಟ್ರಿಕ್ಸ್. ಒಂದರಲ್ಲಿದ್ದ ಫಂಕ್ಷನ್ ಇನ್ನೊಂದರಲ್ಲಿಲ್ಲ. ಇದ್ದರೂ ನಡತೆ ಬೇರೆ. ಪ್ರೋಗ್ರಾಮಿನೊಳಗೆ ‘ಇದು ಸನ್ ಆದರೆ ಹೀಗೆ, ಎಚ್‌ಪಿ ಆದರೆ ಹಾಗೆ’ ಎಂದು ಬರೆಯುವುದು ರೂಢಿ. ಮುಂದೆ ಪರ್ಲ್ ಭಾಷೆ ಕಟ್ಟಿದ ಲ್ಯಾರಿ ವಾಲ್, 1984ರಲ್ಲೇ ತನ್ನ ಆರ್‌ಎನ್ ಎಂಬ ತಂತ್ರಾಂಶದ ಜೊತೆ ಒಂದು ಕಾನ್ಫಿಗರ್ ಕೊಟ್ಟಿದ್ದ. ಅದು ಮಾತುಗಾರ, ತಮಾಷೆ ಮಾಡುತ್ತ, ಕೂತವರನ್ನು ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತಿತ್ತು.

1991ರ ಜೂನ್‌ನಲ್ಲಿ ಡೇವಿಡ್ ಮೆಕೆಂಜಿ ಎಂಬಾತ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗಾಗಿ ಗ್ನೂ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ. ಬಳಸುವವರು ಕೈಯಾರೆ ಆರಿಸಬೇಕಾದ ಆಯ್ಕೆಗಳು ಇಪ್ಪತ್ತರ ಹತ್ತಿರ ಬಂದಿದ್ದವು. ಬೇಸತ್ತು, ಆ ಉಪಕರಣಗಳಲ್ಲೊಂದಾದ ಫೈಲ್‌ಯುಟಿಲ್ಸ್‌ಗೆ, ಆಯ್ಕೆಗಳನ್ನು ತಾನೇ ಊಹಿಸುವ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದ. ಅಂಥ ಸ್ಕ್ರಿಪ್ಟುಗಳನ್ನು ತಾನೇ ಹೆಣೆದುಕೊಡುವ ಆಟೋಕಾನ್ಫ್ ಅದರಿಂದ ಬೆಳೆಯಿತು. ಹೆಣೆಯಲು ಎಂ4 ಎಂಬ ಹಳೆಯ ಮ್ಯಾಕ್ರೋ ಭಾಷೆ. ಎಂ4ನ ಕಟ್ಟುಪಾಡು ಬರೆಯುವವನಿಗೆ ಮಾತ್ರ. ತಂತ್ರಾಂಶ ಕಟ್ಟಿಕೊಳ್ಳುವವನ ಬಳಿ ಬರೀ ಶೆಲ್ ಇದ್ದರೆ ಸಾಕು ಎಂಬುದು ಹಟ. ಕೆಲವು ಮುದಿ ಶೆಲ್ಲುಗಳಿಗೆ ಫಂಕ್ಷನ್ ಕೂಡ ಗೊತ್ತಿರಲಿಲ್ಲ. ಹಾಗಾಗಿ ಪ್ರತಿ ಪರೀಕ್ಷೆಯನ್ನೂ ಮತ್ತೆ ಮತ್ತೆ ಪೂರ್ತಿ ಬಿಡಿಸಿ ಬರೆದು, ಕಾನ್ಫಿಗರ್ ಕಡತ ಸಾವಿರಾರು ಸಾಲಿನಷ್ಟು ಊದಿಕೊಂಡಿತು.

ನನಗೆ ಅದರಲ್ಲಿ ಇಷ್ಟವಾದದ್ದು ಒಂದೇ. ಅದು ‘ನೀನು ಯಾರ ಮನೆಯವ’ ಎಂದು ಕೇಳುವುದಿಲ್ಲ, ‘ನಿನಗೆ ಇದು ಬರುತ್ತದೆಯೇ’ ಎಂದು ಕೇಳುತ್ತದೆ. ನಾಲ್ಕು ಸಾಲಿನ ಸಿ ಪ್ರೋಗ್ರಾಮೊಂದನ್ನು ಬರೆದು ಕಂಪೈಲ್ ಮಾಡಿಸುತ್ತದೆ. ಆಯಿತೋ, ಕಾನ್ಫಿಗ್ ಡಾಟ್ ಎಚ್ ಕಡತದಲ್ಲಿ ‘ಇದೆ’ ಎಂದು ಬರೆದುಕೊಳ್ಳುತ್ತದೆ. ಇಲ್ಲವೋ, ಬೇಸರವಿಲ್ಲದೆ ಮುಂದಿನದಕ್ಕೆ. ಅತಿಯೂ ಉಂಟು. ಬರೀ ಸಿಯಲ್ಲಿ ಬರೆದ ತಂತ್ರಾಂಶಕ್ಕೂ ಒಂದು ಕಾಲದಲ್ಲಿ ಲಿಬ್‌ಟೂಲ್ ಎಂಬ ಅದರ ಜೊತೆಗಾರ ಫೋರ್ಟ್ರಾನ್ ಕಂಪೈಲರನ್ನು ಒಂದೊಂದೇ ಹೆಸರು ಹಿಡಿದು ಹುಡುಕುತ್ತಿತ್ತು. ನೋ, ನೋ, ನೋ. ಯಾರೂ ಕರೆಯದ ನೆಂಟನಿಗೆ ಎಲೆ ಹಾಕಿ ಕಾಯುವ ಕೆಲಸ.

ಬೆಂಗಳೂರಿಗೆ ಬಂದ ಮೇಲೆ ಈ ಗುಣದ ಬೆಲೆ ಇನ್ನಷ್ಟು ತಿಳಿಯಿತು. ಕಾರವಾರ ಎಂದರೆ “ಓ, ಗೋವಾನಾ?” ಗೋವಾದಲ್ಲಿ ಕೆಲಸ ಕೇಳಿದಾಗ “ಕರ್ನಾಟಕದವರಲ್ಲವೇ?” ಬಾಡಿಗೆ ಮನೆಗೆ ಫೋನ್ ಮಾಡಿದರೆ ಊರಿನ ಹೆಸರು ಕೇಳಿದ ಕೂಡಲೇ ಮನೆಯೊಡತಿ, “ಮೀನು ಬೇಯಿಸ್ತೀರಾ?” ನಾಲ್ಕು ಸಾಲು ಕಂಪೈಲ್ ಮಾಡಿ ನೋಡುವ ವ್ಯವಧಾನ ಯಾರಿಗೂ ಇಲ್ಲ.

ಎದುರಿಗಿಲ್ಲದವನನ್ನು ಫೋನಿನಲ್ಲೇ ಅಳೆಯಬೇಕಾದ ಆ ಮನೆಯೊಡತಿಯ ಕಷ್ಟವೂ ಕಾನ್ಫಿಗರ್‌ಗೆ ಗೊತ್ತು. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸಿಂಪ್ಯೂಟರ್ ಹೊರತಂದರು. ಅಂಗೈಯಗಲದ ಯಂತ್ರ, ಒಳಗೆ ಸ್ಟ್ರಾಂಗ್‌ಆರ್ಮ್ ಚಿಪ್ಪು, ಮೇಲೆ ಲಿನಕ್ಸ್. ಅಂಥ ಪುಟ್ಟ ಯಂತ್ರಕ್ಕೆ ಬೇಕಾದುದನ್ನು ಮೇಜಿನ ಮೇಲಿನ ದೊಡ್ಡ ಇಂಟೆಲ್ ಕಂಪ್ಯೂಟರಿನಲ್ಲಿ ಕಟ್ಟುವುದೇ ವಾಡಿಕೆ. ಆಗ ಪರೀಕ್ಷೆಯ ಪ್ರೋಗ್ರಾಮನ್ನು ಕಂಪೈಲ್ ಮಾಡಬಹುದು, ಚಿಪ್ಪು ಬೇರೆಯಾದ್ದರಿಂದ ಓಡಿಸಿ ನೋಡುವಂತಿಲ್ಲ. ಎದುರಿಗಿಲ್ಲದ ಯಂತ್ರದ ಬಗ್ಗೆ ಕಾನ್ಫಿಗರ್ ಕೂಡ ಕೊನೆಗೆ ಹೆಸರು ಕೇಳಿ, ಕುಲ ನೋಡಿ, ಊಹೆ ಮಾಡಬೇಕು. ಅದಕ್ಕಾಗಿ ಜೊತೆಯಲ್ಲೇ ಯಂತ್ರಗಳ ಹೆಸರಿನ ದೊಡ್ಡ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಮುಂಬಾಗಿಲಿನಲ್ಲಿ ಓಡಿಸಿದ ಜಾತಿ ಪಟ್ಟಿ ಹಿತ್ತಿಲಿನಿಂದ ಬಂದಿತ್ತು.

ಎಲ್ಲವನ್ನೂ ಸಂಶಯಿಸುವ ಈ ಸ್ಕ್ರಿಪ್ಟನ್ನೇ ಯಾರೂ ಸಂಶಯಿಸಲಿಲ್ಲ ಎಂಬುದು 2024ರ ಮಾರ್ಚ್ ಕೊನೆಯಲ್ಲಿ ಬಯಲಾಯಿತು. ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಅದನ್ನು ಎಬ್ಬಿಸುವ ಕೆಲವು ಸಾಲುಗಳು ಇದ್ದದ್ದು ಒಂದು ಎಂ4 ಕಡತದಲ್ಲಿ. ಅದೂ ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಲ್ಲ, ಬಿಡುಗಡೆಯ ಗಂಟಿನಲ್ಲಿ ಮಾತ್ರ. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ತಲೆ ಕೆಡಿಸಿಕೊಂಡ ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್ ಅಗೆದು ತೆಗೆದ. ಎಂ4 ಓದುವವರೇ ಇಲ್ಲ ಎಂಬುದು ಆ ಕಳ್ಳನಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಹೊಸ ಕೆಲಸಕ್ಕೆ ಆಟೋಕಾನ್ಫ್ ಬದಲು ನಾನು ಹಿಡಿಯುವುದು ಮೆಸನ್ ಎಂಬ ಉಪಕರಣ. ಚಿಕ್ಕದು, ಚುರುಕು, ಕಣ್ಣಿಟ್ಟು ಓದಿದರೆ ಅರ್ಥವಾಗುತ್ತದೆ. ಆದರೆ ಅದು ಓಡಲು ಯಂತ್ರದಲ್ಲಿ ಮೊದಲೇ ಪೈಥಾನ್ ಇರಬೇಕು, ಅದೂ ತಕ್ಕಮಟ್ಟಿಗೆ ಹೊಸದು. ಹಳೆಯ ಯಂತ್ರದಲ್ಲಿ ಪೈಥಾನ್ ಇಲ್ಲವೆಂದರೆ ಮೂಲದಿಂದಲೇ ಕಟ್ಟಿಕೊಳ್ಳಬೇಕು, ಮತ್ತು ಪೈಥಾನನ್ನು ಕಟ್ಟಲು ಇವತ್ತಿಗೂ ಮೊದಲು ಓಡಿಸಬೇಕಾದದ್ದು ಆಟೋಕಾನ್ಫ್ ಹೆಣೆದ ಕಾನ್ಫಿಗರ್ ಅನ್ನೇ.