ಸುಯ್ ಅನ್ನುವ ಟೇಪು, ಡಾಲ್ಬಿ ಅನ್ನುವ ಗುಂಡಿ

ಕ್ಯಾಸೆಟ್ ಕೇಳಿ ಬೆಳೆದವರ ಕಿವಿಗೆ ಹಾಡಿಗಿಂತ ಮೊದಲು ಬೀಳುತ್ತಿದ್ದದ್ದು ‘ಸುಯ್’ ಎನ್ನುವ ಸದ್ದು. ಗುಂಡಿ ಒತ್ತಿದರೆ ಖಟ್, ಆಮೇಲೆ ಸುಯ್, ಅದರೊಳಗಿಂದ ತಂಬೂರಿ. ಪಿಟೀಲು, ಮೃದಂಗ ಸೇರಿಕೊಂಡು ಕಚೇರಿಗೆ ಕಾವು ಬಂದಮೇಲೆ ಆ ಸುಯ್ ಎಲ್ಲಿ ಹೋಯಿತೆಂದು ಗೊತ್ತೇ ಆಗುತ್ತಿರಲಿಲ್ಲ. ಗಾಯಕರು ಉಸಿರೆಳೆದುಕೊಳ್ಳಲು ಒಂದು ಗಳಿಗೆ ನಿಂತರೆ ಸಾಕು, ಮತ್ತೆ ಹಾಜರು. ನಿಜ ಹೇಳಬೇಕೆಂದರೆ ಅದು ಎಲ್ಲಿಗೂ ಹೋಗಿರುವುದಿಲ್ಲ. ದೊಡ್ಡ ಸದ್ದಿನ ಹತ್ತಿರದಲ್ಲೇ ಇರುವ ಸಣ್ಣ ಸದ್ದು ನಮ್ಮ ಕಿವಿಗೆ ಕೇಳಿಸುವುದಿಲ್ಲ, ಅಷ್ಟೆ. ಟೇಪಿನ ಗದ್ದಲ ತಗ್ಗಿಸುವ ವಿದ್ಯೆಯೆಲ್ಲ ನಿಂತಿರುವುದು ಕಿವಿಯ ಈ ಗುಣದ ಮೇಲೆ. ನನಗೆ ಈ ವಿದ್ಯೆಯ ಮೇಲೆ ಪ್ರೀತಿ ಹುಟ್ಟಿದ್ದೂ ಅದಕ್ಕೇ.

ಸುಯ್ ಎಲ್ಲಿಂದ ಬರುತ್ತದೆ? ಪ್ಲಾಸ್ಟಿಕ್ ಪಟ್ಟಿಗೆ ಬಳಿದ ಕಂದು ಲೇಪನ ಇದೆಯಲ್ಲ, ಅದು ಕಬ್ಬಿಣದ ಆಕ್ಸೈಡಿನ ಪುಡಿ. ಒಂದೊಂದು ಕಣವೂ ಒಂದೊಂದು ಪುಟ್ಟ ಅಯಸ್ಕಾಂತ. ಅವು ಎಲ್ಲ ಕಡೆ ಒಂದೇ ಸಮ ಹರಡಿಕೊಂಡಿರುವುದಿಲ್ಲ, ಒಂದೇ ಕಡೆಗೆ ಮುಖಮಾಡಿಯೂ ಕೂತಿರುವುದಿಲ್ಲ. ಹೆಡ್ಡಿನ ಮುಂದೆ ಹಾಯುವಾಗ ಈ ಏರುಪೇರೇ ಸದ್ದಾಗುತ್ತದೆ. ಪಟ್ಟಿ ಅಗಲವಾಗಿದ್ದು ವೇಗವಾಗಿ ಓಡಿದರೆ ಹೆಡ್ಡಿನ ಕೆಳಗೆ ಕಣಗಳು ಹೆಚ್ಚು ಸಿಕ್ಕುತ್ತವೆ, ಏರುಪೇರು ಒಂದರೊಳಗೊಂದು ಕರಗುತ್ತದೆ. ಸ್ಟುಡಿಯೋದ ರೀಲು ಸೆಕೆಂಡಿಗೆ 38 ಸೆಂಟಿಮೀಟರ್ ಓಡುವುದು ಅದಕ್ಕೆ. 1963ರಲ್ಲಿ ಫಿಲಿಪ್ಸ್ ಕಂಪನಿಯ ಲೂ ಓಟೆನ್ಸ್ ಅವರ ತಂಡ ಹೊರತಂದ ಕ್ಯಾಸೆಟ್ಟಿನದು 4.76 ಸೆಂಟಿಮೀಟರ್ ವೇಗ, ನಾಲ್ಕು ಮಿಲಿಮೀಟರೂ ಇಲ್ಲದ ಪಟ್ಟಿ. ಅಷ್ಟರಲ್ಲೇ ಎರಡು ಬದಿ, ಬದಿಗೆರಡು ಸ್ಟೀರಿಯೋ ಜಾಡು. ಒಂದೊಂದು ಜಾಡಿನ ಪಾಲಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮಾತು ಹಿಡಿದಿಡಲು ಸಾಕು ಎಂದುಕೊಂಡು ಮಾಡಿದ ಪೆಟ್ಟಿಗೆಗೆ ಲೋಕವೆಲ್ಲ ಸಂಗೀತ ತುಂಬಿತು. ಒಂದರಿಂದ ಇನ್ನೊಂದಕ್ಕೆ ಇಳಿಸಿಕೊಂಡ ಪ್ರತಿ ಪ್ರತಿಯೂ ತನ್ನದೊಂದು ಸುಯ್ ಸೇರಿಸಿತು. ನಮ್ಮ ತಾಳಮದ್ದಳೆಯ ಕ್ಯಾಸೆಟ್‌ಗಳು ಹೀಗೆ ಕೈಯಿಂದ ಕೈಗೆ ದಾಟಿ ಮನೆಗೆ ಬರುವಷ್ಟರಲ್ಲಿ, ಅರ್ಥಧಾರಿ ವಾದದ ನಡುವೆ ಬೇಕೆಂದೇ ನಿಲ್ಲಿಸಿದ ಮೌನದ ತುಂಬ ಮಳೆ ಸುರಿಯುತ್ತಿತ್ತು.

ಟ್ರೆಬಲ್ ತಿರುಗಿಸಿ ಇಳಿಸಿದರೆ ಆಯಿತಲ್ಲ ಎನ್ನಬಹುದು. ಸುಯ್ ಇಳಿಯುತ್ತದೆ, ನಿಜ. ಜೊತೆಗೆ ಸಕಾರ ಶಕಾರಗಳ ಅಂಚು, ಚಕ್ರತಾಳದ ಮಿಂಚು, ತಂಬೂರಿಯ ಜೀವಾಳ ಎಲ್ಲವೂ ಹೋಗುತ್ತವೆ. ತುಸು ಜಾಣತನದ ದಾರಿ ಎಂದರೆ ಫಿಲಿಪ್ಸ್‌ನವರದೇ ಡಿಎನ್‌ಎಲ್ ಸರ್ಕ್ಯೂಟ್: ತಾರದ ಸದ್ದು ಜೋರಾಗಿದ್ದಾಗ ಸುಮ್ಮನಿದ್ದು, ಸಣ್ಣದಾದಾಗ ಮಾತ್ರ ಅದನ್ನು ಕತ್ತರಿಸುತ್ತದೆ. ಆದರೆ ಅದು ಕೆಲಸಕ್ಕೆ ಇಳಿಯುವುದು ನುಡಿಸುವಾಗ. ಅಷ್ಟರಲ್ಲಿ ಹಾಡೂ ಸುಯ್ಯೂ ಬೆರೆತುಹೋಗಿರುತ್ತವೆ. ಸಣ್ಣಗೆ ಮಿಡಿಯುವ ತಂತಿ ಯಾವುದು, ಟೇಪಿನ ಪುಡಿ ಯಾವುದು ಎಂದು ಬಡಪಾಯಿ ಸರ್ಕ್ಯೂಟಿಗೆ ಹೇಗೆ ತಿಳಿಯಬೇಕು?

ಬೆರೆಯುವ ಮೊದಲೇ ಏನಾದರೂ ಮಾಡಬೇಕು. ತುಂಬಿದ ಹೊಳೆ ದಾಟುವಾಗ ದೊಡ್ಡವರು ತಾವೇ ನಡೆಯುತ್ತಾರೆ, ಮಕ್ಕಳನ್ನು ಹೆಗಲಿಗೇರಿಸಿಕೊಳ್ಳುತ್ತಾರೆ, ಆಚೆ ದಡದಲ್ಲಿ ಇಳಿಸುತ್ತಾರೆ. ಹಾಗೆ, ರೆಕಾರ್ಡ್ ಮಾಡುವಾಗ ಸಣ್ಣ ಸದ್ದುಗಳನ್ನು ಎತ್ತಿ ಟೇಪಿಗೆ ಬರೆಯುವುದು, ನುಡಿಸುವಾಗ ಎತ್ತಿದಷ್ಟೇ ಇಳಿಸುವುದು. ಹಾಡು ತನ್ನ ಅಳತೆಗೆ ಮರಳುತ್ತದೆ. ನಡುವೆ ಸೇರಿಕೊಂಡ ಸುಯ್ ಮಾತ್ರ, ಯಾರೂ ಅದನ್ನು ಎತ್ತಿರಲಿಲ್ಲವಾದ್ದರಿಂದ, ತನ್ನ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. ಇಷ್ಟೇ ತತ್ವ. ಟೆಲಿಫೋನಿನವರಿಗೆ ಇದು ಮೊದಲೇ ಗೊತ್ತಿತ್ತು.

ಅಮೆರಿಕದ ಡೇವಿಡ್ ಬ್ಲ್ಯಾಕ್‌ಮರ್ 1971ರಲ್ಲಿ ಕಟ್ಟಿದ ಡಿಬಿಎಕ್ಸ್ ಈ ತತ್ವವನ್ನು ಧಾರಾಳವಾಗಿ ಬಳಸಿತು: ಇಡೀ ಸದ್ದನ್ನು ಎರಡಕ್ಕೊಂದರಂತೆ ಹಿಂಡಿ ಬರೆದು, ನುಡಿಸುವಾಗ ಒಂದಕ್ಕೆರಡರಂತೆ ಹಿಗ್ಗಿಸುವುದು. ಮೌನದಲ್ಲಿ ಸುಯ್ ಇಲ್ಲವೇ ಇಲ್ಲ ಅನ್ನಬೇಕು. ಆದರೆ ಮೃದಂಗದ ಎಡಗೈ ‘ತೊಂ’ ಎಂದಾಗ ಹಿಗ್ಗಿಸುವ ಸರ್ಕ್ಯೂಟ್ ಬಾಗಿಲು ಪೂರ್ತಿ ತೆರೆಯುತ್ತದೆ, ಸುಯ್ಯೂ ಒಳಬರುತ್ತದೆ. ‘ತೊಂ’ ಮಂದ್ರದ್ದು, ಸುಯ್ ತಾರದ್ದು, ಒಂದನ್ನೊಂದು ಮುಚ್ಚಲಾರದು. ಹಾಗಾಗಿ ಏಕಾಂಗಿ ಏಟುಗಳ ಬಾಲಕ್ಕೆ ‘ಉಸ್’ ಎಂಬ ಉಸಿರು ಅಂಟಿಕೊಂಡಂತೆ ಕೇಳುತ್ತದೆ. ಒಮ್ಮೆ ಅದು ಕಿವಿಗೆ ಸಿಕ್ಕಿತೆಂದರೆ ಆಮೇಲೆ ತಾಳದ ಕಡೆ ಗಮನವೇ ಹೋಗುವುದಿಲ್ಲ.

ಈ ಉಸಿರಾಟವನ್ನು ಮೊದಲೇ ಯೋಚಿಸಿ ತಡೆದವರು ರೇ ಡಾಲ್ಬಿ. ಆಂಪೆಕ್ಸ್ ಕಂಪನಿಯ ವಿಡಿಯೋ ಟೇಪ್ ರೆಕಾರ್ಡರ್ ಕಟ್ಟಿದ ತಂಡದಲ್ಲಿ ಎಳೆಯ ವಯಸ್ಸಿಗೇ ಕೆಲಸ ಮಾಡಿ, ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, 1963ರಿಂದ 65ರವರೆಗೆ ಯುನೆಸ್ಕೋ ಸಲಹೆಗಾರರಾಗಿ ನಮ್ಮ ದೇಶದಲ್ಲಿ, ಚಂಡೀಗಢದ ವೈಜ್ಞಾನಿಕ ಉಪಕರಣಗಳ ಸಂಸ್ಥೆಯಲ್ಲಿದ್ದವರು. ಟೇಪಿನ ಗದ್ದಲ ತಗ್ಗಿಸುವ ಆಲೋಚನೆ ರೂಪು ತಳೆದದ್ದು ಆ ದಿನಗಳಲ್ಲೇ. ತಂಬೂರಿಯೊಂದೇ ಮಿಡಿಯುತ್ತಿರುವ ಸಂಗೀತ ಇರುವ ನಾಡು, ಇಂಥ ಆಲೋಚನೆಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಾರದು ಎಂದು ನನಗೆ ಅನ್ನಿಸುತ್ತದೆ. 1965ರಲ್ಲಿ ಅವರು ಲಂಡನ್ನಿನಲ್ಲಿ ಸ್ವಂತ ಪ್ರಯೋಗಾಲಯ ತೆರೆದರು. ಮೊದಲ ಗಿರಾಕಿ ಡೆಕ್ಕಾ ರೆಕಾರ್ಡ್ ಕಂಪನಿ. ಅದಕ್ಕೆ ಕೊಟ್ಟ ‘ಎ’ ಮಾದರಿ ಸದ್ದನ್ನು ನಾಲ್ಕು ಪಟ್ಟೆಗಳಾಗಿ ಒಡೆದು ಒಂದೊಂದನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುತ್ತಿತ್ತು; ಮಂದ್ರದ ಏಟಿಗೆ ತಾರದ ಬಾಗಿಲು ತೆರೆಯುವ ಪ್ರಶ್ನೆಯೇ ಇಲ್ಲ.

1968ರಲ್ಲಿ ಬಂದ ‘ಬಿ’ ನಮ್ಮ ಮನೆಗಳ ಡೆಕ್‌ಗಳಲ್ಲಿ ಕೂತದ್ದು. ಇದರಲ್ಲಿ ಪಟ್ಟೆ ಒಂದೇ, ಆದರೆ ಜರುಗುವ ಪಟ್ಟೆ. ಮೂಲ ಸದ್ದು ನೇರ ದಾರಿಯಲ್ಲಿ ಹೋಗುತ್ತದೆ, ಯಾರೂ ಅದನ್ನು ಮುಟ್ಟುವುದಿಲ್ಲ. ಪಕ್ಕದಲ್ಲೊಂದು ಕಾಲುದಾರಿ; ಅದರಲ್ಲಿ ತಾರದ ಸಣ್ಣ ಸದ್ದು ಮಾತ್ರ ಹಾದುಬಂದು ಮೂಲಕ್ಕೆ ಕೂಡುತ್ತದೆ. ಸಾವಿರ ಹರ್ಟ್ಜ್ ಆಸುಪಾಸಿನಿಂದ ಏರುತ್ತ ಹೋಗಿ 10 ಡೆಸಿಬೆಲ್‌ವರೆಗೂ ಎತ್ತುತ್ತದೆ. ನುಡಿಸುವಾಗ ಅದೇ ಕಾಲುದಾರಿ, ಆದರೆ ಕೂಡುವ ಬದಲು ಕಳೆಯುತ್ತದೆ. 10 ಡೆಸಿಬೆಲ್ ಕಳೆದರೆ ಕಿವಿಗೆ ಸುಯ್ ಸುಮಾರು ಅರ್ಧಕ್ಕೆ ಇಳಿದಂತೆ.

ವೀಣೆಯ ಒಂದು ಮೀಟು ತೆಗೆದುಕೊಳ್ಳಿ. ಉಗುರು ತಂತಿಗೆ ತಾಗಿದ ಕ್ಷಣ ಮೇಲಿನ ಸ್ವರಾಂಶಗಳೆಲ್ಲ ಒಮ್ಮೆಲೇ ಚಿಮ್ಮುತ್ತವೆ. ಕಾಲುದಾರಿಯ ಫಿಲ್ಟರ್ ಸರಕ್ಕನೆ ಮೇಲಕ್ಕೆ ಜರುಗಿ, ಆ ಜೋರು ಸದ್ದನ್ನು ಅದರ ಪಾಡಿಗೆ ಬಿಡುತ್ತದೆ. ಅದಕ್ಕಿಂತಲೂ ಮೇಲಿರುವ ಸುಯ್ಯನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ನಾದ ಸೊರಗುತ್ತ ಬಂದಂತೆ ಫಿಲ್ಟರೂ ಅದರ ಹಿಂದೆಯೇ ಕೆಳಗಿಳಿಯುತ್ತದೆ. ಒಂದು ಕಷ್ಟ ಉಳಿಯಿತು: ಫಿಲ್ಟರ್ ಜರುಗಲು ಕೆಲವು ಮಿಲಿಸೆಕೆಂಡಾದರೂ ಬೇಕು, ಮೀಟು ಅಷ್ಟು ಹೊತ್ತು ಕಾಯುವುದಿಲ್ಲ. ಆ ಅರೆಗಳಿಗೆ ಕಾಲುದಾರಿಯಲ್ಲಿ ಸದ್ದು ಉಕ್ಕಿ ಬರದಂತೆ ಡಯೋಡ್‌ಗಳು ಅದರ ತಲೆ ಕತ್ತರಿಸುತ್ತವೆ. ಕತ್ತರಿಸಿದ್ದು ಕಾಲುದಾರಿಯಲ್ಲಿ, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಅದೂ ಮೂಲ ಸದ್ದು ಜೋರಾಗಿರುವಾಗ; ಕಿವಿಗೆ ತಿಳಿಯುವುದೇ ಇಲ್ಲ. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಹಾಗಿದ್ದರೆ ಡಾಲ್ಬಿ ಗುಂಡಿ ಒತ್ತಿದರೆ ಹಾಡು ಮಂಕಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ಹೇಳುತ್ತಿದ್ದರಲ್ಲ? ಎಷ್ಟೋ ಸಲ ಆ ಕ್ಯಾಸೆಟ್‌ಗೆ ಡಾಲ್ಬಿಯೇ ಹಾಕಿರುತ್ತಿರಲಿಲ್ಲ. ಎತ್ತದೇ ಇದ್ದದ್ದನ್ನು ಇಳಿಸಿದರೆ ಮಂಕಾಗದೆ ಇನ್ನೇನು? ಡಾಲ್ಬಿ ಹಾಕಿದ್ದರೂ ಹೆಡ್ಡಿಗೆ ಕಂದು ಮಸಿ ಮೆತ್ತಿದ್ದರೆ, ಪಕ್ಕದ ಸಣ್ಣ ಸ್ಕ್ರೂ ಸಡಿಲಾಗಿ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೆ ತಾರದ ಸದ್ದು ಕುಗ್ಗಿ ಬರುತ್ತದೆ. ಸರ್ಕ್ಯೂಟ್ ಅದನ್ನು ಮೂಲದಲ್ಲೇ ಸಣ್ಣ ಸದ್ದು ಎಂದು ನಂಬಿ ಇನ್ನಷ್ಟು ಇಳಿಸುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಹೆಡ್ಡು ಒರೆಸಿದರೆ ಅರ್ಧ ದೂರು ತೀರುತ್ತಿತ್ತು. ಬರೆಯುವಾಗಿನ ಮಟ್ಟ, ಓದುವಾಗಿನ ಮಟ್ಟ ಎರಡೂ ಒಂದೇ ಆಗಿರಬೇಕು. ಅದಕ್ಕೇ ಸ್ಟುಡಿಯೋದವರು ಟೇಪಿನ ಆರಂಭದಲ್ಲಿ, ನಡುನಡುವೆ ತುಸು ಮೇಲಕ್ಕೆ ಹಾರಿ ಇಳಿಯುವ ಒಂದು ಗುರುತಿನ ಸ್ವರ ಬರೆದಿಡುತ್ತಿದ್ದರು.

ಈಗ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತಿರುವ ಆಸಕ್ತರು ಊರೂರಿನಲ್ಲಿದ್ದಾರೆ. ಪುಣ್ಯದ ಕೆಲಸ. ಅವರಲ್ಲಿ ನನ್ನದೊಂದು ಕೋರಿಕೆ. ಲೇಬಲ್ ಮೇಲೆ ಜೋಡಿ ಡಿ ಅಕ್ಷರದ ಡಾಲ್ಬಿ ಗುರುತು ಇದೆಯೇ ನೋಡಿ. ಇದ್ದರೆ ಡಾಲ್ಬಿ ಇರುವ ಹಳೆಯ ಡೆಕ್ ಹುಡುಕಿ, ಹೆಡ್ಡು ಸರಿಮಾಡಿಸಿ, ಆಮೇಲೆ ಇಳಿಸಿಕೊಳ್ಳಿ. ಈಗಿನ ಹೊಸ ಪ್ಲೇಯರ್‌ಗಳಲ್ಲಿ ಆ ಚಿಪ್ ಸಾಮಾನ್ಯವಾಗಿ ಇರುವುದಿಲ್ಲ. ಗುರುತಿಲ್ಲದ ಕ್ಯಾಸೆಟ್ಟಾದರೆ ಸುಯ್ ಇದ್ದಂತೆಯೇ ಒಂದು ಪ್ರತಿ ತೆಗೆದು ಭದ್ರವಾಗಿಡಿ. ಸಾಫ್ಟ್‌ವೇರ್ ಹಾಕಿ ಗದ್ದಲ ತೊಳೆಯುವುದಾದರೆ ಇನ್ನೊಂದು ಪ್ರತಿಯಲ್ಲಿ ತೊಳೆಯಿರಿ. ಅದೂ ಬೆರೆತ ಮೇಲೆ ಬೇರ್ಪಡಿಸಲು ಹೊರಟದ್ದೇ, ಡಿಎನ್‌ಎಲ್‌ನ ಕಷ್ಟವೇ ಅದರದೂ. ಕೈ ಜೋರಾದರೆ ಮೊದಲು ಹೋಗುವುದು ತಂಬೂರಿಯ ಜೀವಾಳ.